ಸೋರುವ ಏರಿಯನ್ನು ಚಿಲುಮೆ ಮಾಡಿದ ಅಧ್ಯಕ್ಷರಿಗೆ

ವಿಹಾರ ಸರೋವರ ಸಂಘದ ಮಾನ್ಯ ಅಧ್ಯಕ್ಷರೇ,

ಜಗತ್ತಿನ ದೊಡ್ಡ ಅಣೆಕಟ್ಟುಗಳಲ್ಲಿ ಮುಕ್ಕಾಲು ಪಾಲನ್ನು ನನ್ನ ಸಲಹೆ ಕೇಳಿಯೇ ಕಟ್ಟಿದ್ದಾರೆ, ಉಳಿದ ಕಾಲು ಪಾಲಿನವರು ಕೇಳದೆ ಕಟ್ಟಿ ಈಗ ಕೈ ಕೈ ಹಿಸುಕಿಕೊಳ್ಳುತ್ತಿದ್ದಾರೆ ಎಂಬುದು ತಮಗೆ ತಿಳಿದೇ ಇದೆ. ಏಳನೇ ತರಗತಿಯನ್ನು ಎರಡು ಸಲ ಓದಿ ಬೇರೆಯವರಿಗಿಂತ ದುಪ್ಪಟ್ಟು ಗಟ್ಟಿಯಾಗಿ ಕಲಿತ ನಾನು, ತಮಗೆ ಅನಂತ ವಂದನೆಗಳನ್ನು ಸಲ್ಲಿಸಿ, ತಾವು ಸಂಘದ ಬಾಗಿಲಿಗೆ ಅಂಟಿಸಿರುವ ಪ್ರಕಟಣೆಗೆ ಅದೇ ಬಾಗಿಲಲ್ಲಿ, ಅದರ ಪಕ್ಕದಲ್ಲೇ, ತಮ್ಮ ಕಚೇರಿಯ ಅಂಟಿನಿಂದಲೇ ಈ ಉತ್ತರವನ್ನು ಅಂಟಿಸುತ್ತಿದ್ದೇನೆ.

ಯಾರೋ ಕಿಡಿಗೇಡಿ ಸರೋವರದ ಕೋಡಿಗೆ ಅಡ್ಡ ಹಾಕಿದ್ದ ಹಲಗೆಗಳನ್ನು ಕಿತ್ತು ನೀರು ಖಾಲಿ ಮಾಡಿದನೆಂದೂ, ಬರುವ ಭಾನುವಾರ ಅವನ್ನು ಕಬ್ಬಿಣದ ಪಟ್ಟಿ ಹೊಡೆದು ಮತ್ತೆ ಕೂರಿಸಲಾಗುವುದೆಂದೂ ತಾವು ಬರೆದಿದ್ದೀರಿ. ಓದಿ ಕಣ್ತುಂಬಿ ಬಂತು. ಹೆಚ್ಚಾದ ನೀರು ಪಕ್ಕದಿಂದ ಸುರಕ್ಷಿತವಾಗಿ ಹೊರಗೆ ಹೋಗಲಿ ಎಂದು ಬಿಟ್ಟ ದಾರಿಗೆ ಕೋಡಿ ಎನ್ನುತ್ತಾರೆ ಎಂಬುದು ನಮ್ಮಂಥ ಅಲ್ಪರ ತಿಳಿವಳಿಕೆ. ಅದಕ್ಕೆ ಹಲಗೆ ಬಡಿದು, ನೀರನ್ನು ಒಂದಾಳೆತ್ತರ ಮೇಲೇರಿಸಿ, ದೋಣಿಗಳು ಇನ್ನಷ್ಟು ಚೆಂದವಾಗಿ ತೇಲುವಂತೆ ಮಾಡಿದ್ದು ತಮ್ಮ ತಲೆಗೆ ಮಾತ್ರ ಹೊಳೆಯಬಹುದಾದ ಯೋಚನೆ. ಆ ದಿನ ದಡದಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ನಾನೇ, ಯಾಕೆಂದರೆ ಆ ನೀರಿನ ಮೇಲೆ ನನ್ನ ನೌಕಾಪಡೆಯೂ ತೇಲುತ್ತಿತ್ತು. ಆದರೆ ಚಪ್ಪಾಳೆಯನ್ನು ವಾಪಸು ಪಡೆಯುವ ಕ್ರಮ ಸಂಘದ ನಿಯಮಾವಳಿಯಲ್ಲಿ ಇಲ್ಲವಂತೆ.

ಟೈಲ್ಸ್ ಮಾರುತ್ತಿದ್ದ ತಾವು ಒಂದು ಹಳ್ಳವನ್ನು ಕೊಂಡು, ಅದರ ಬಾಯಿಗೆ ಮಣ್ಣಿನ ಏರಿ ಹಾಕಿ, ಟಿಕೆಟ್ ಹರಿದು ಕೊಡಲು ಶುರು ಮಾಡಿದಾಗಿನಿಂದಲೂ ನಾನು ತಮ್ಮ ಅಭಿಮಾನಿ. ಏರಿಯ ಮೇಲೆ ಸಾಲಾಗಿ ಮರ ನೆಟ್ಟು, ಮಣ್ಣಿನೊಳಗೆ ನುಗ್ಗುವ ದಾರಿಯನ್ನು ಬೇರುಗಳಿಗೆ ತೋರಿಸಿಕೊಟ್ಟಿರಿ. ಆಪತ್ತಿನಲ್ಲಿ ನೀರು ಬಿಡಲೆಂದು ಇದ್ದ ತೂಬಿನ ಚಕ್ರಕ್ಕೆ ಬಂಗಾರದ ಬಣ್ಣ ಬಳಿದು, ಅದು ತಿರುಗದಂತೆ ಬೆಸುಗೆ ಹಾಕಿ, ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಂತೆ ಮಾಡಿದಿರಿ. ಹೀಗೆ ಕೆಲಸಕ್ಕೆ ಬರುವ ಒಂದೊಂದನ್ನೂ ನೋಡಲು ಚೆಂದ ಮಾಡುತ್ತಾ ಹೋದ ತಮ್ಮ ಕೈಗುಣ ದೊಡ್ಡದು.

ಈ ಏರಿಗೆ ಒಂದು ಕೆಳಗಡೆಯೂ ಇದೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಸಂಕೋಚವಾಗುತ್ತದೆ, ಯಾಕೆಂದರೆ ತಾವು ಯಾವತ್ತೂ ಅತ್ತ ತಿರುಗಿ ನೋಡಿದವರಲ್ಲ. ಅಲ್ಲಿ ನನ್ನ ಅಕ್ಕನ ಲಾಂಡ್ರಿಯಿದೆ. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು, ಹಿಂದಿನ ಕೋಣೆಯಲ್ಲಿ ಅಕ್ಕ ಮತ್ತು ಅವಳ ಮಗಳು ಮಲಗುವ ಮಂಚ, ಮಂಚದ ತಲೆದೆಸೆಯ ಗೋಡೆಯಿಂದ ಹದಿನೈದು ಹೆಜ್ಜೆ ಆಚೆಗೆ ತಮ್ಮ ಏರಿ. ತಮ್ಮ ಅತಿಥಿಗೃಹದ ಬಿಳಿ ಹಾಸಿಗೆ ಬಟ್ಟೆಗಳೆಲ್ಲ ಒಗೆಯಲು ಬರುವುದೂ ಅಲ್ಲಿಗೇ.

ಹಲಗೆ ಕೂರಿಸಿದ ಮೇಲೆ ಏರಿಯ ಬುಡದಲ್ಲಿ ನೀರು ಒಸರತೊಡಗಿತು. ಬೇರೆಯವರಾಗಿದ್ದರೆ ಹೆದರಿ ಓಡಿಬರುತ್ತಿದ್ದರು. ತಾವು ಓಡಿಬಂದು ಅದಕ್ಕೆ ಅಮೃತ ಚಿಲುಮೆ ಎಂದು ಹೆಸರಿಟ್ಟು, ಸುತ್ತ ಕಲ್ಲುಬೆಂಚು ಹಾಕಿಸಿ, ಬಣ್ಣದ ದೀಪಗಳನ್ನೂ ತರಿಸಿದಿರಿ. ಪುಕ್ಕಟೆ ನೀರು ಮನೆಬಾಗಿಲಿಗೇ ಬಂತಲ್ಲ ಎಂದು ಅಕ್ಕನೂ ಹಿಗ್ಗಿ ಬಟ್ಟೆಯನ್ನೆಲ್ಲ ಅದರಲ್ಲೇ ಒಗೆದಳು. ಮೊದಲು ಕನ್ನಡಿಯಂತಿದ್ದ ಆ ನೀರು ಬರಬರುತ್ತಾ ಚಹಾದ ಬಣ್ಣಕ್ಕೆ ತಿರುಗಿತು, ತಮ್ಮ ಬಿಳಿ ಬಟ್ಟೆಗಳೂ ಜೊತೆಗೇ ತಿರುಗಿದವು. ಆಗ ತಾವು ಅಕ್ಕನಿಗೆ, ಏನಮ್ಮಾ, ಸೋಪಿನ ದುಡ್ಡನ್ನೂ ನುಂಗಿಬಿಟ್ಟೆಯಾ ಎಂದು ನಾಲ್ಕು ಜನರೆದುರು ಕೇಳಿದ್ದು, ಅವಳು, ಸೋಪು ನುಂಗಿದ್ದರೆ ಈ ಹೊತ್ತಿಗೆ ನನ್ನ ಬಾಯಲ್ಲಿ ನೊರೆ ಬರುತ್ತಿತ್ತು ಸ್ವಾಮಿ, ಮಣ್ಣು ನುಂಗುತ್ತಿರುವುದು ನಿಮ್ಮ ಕೆರೆ ಎಂದು ತಿರುಗಿ ಹೇಳಿದ್ದು ತಮಗೆ ನೆನಪಿರಬಹುದು. ನಮ್ಮ ಮನೆತನದಲ್ಲಿ ಬುದ್ಧಿಯೆಲ್ಲ ನನಗೇ ಬಂದಿದೆ ಎಂದು ಅಲ್ಲಿಯವರೆಗೆ ನಾನು ನಂಬಿದ್ದೆ.

ಆ ಸಂಜೆಯೇ ಒಂದು ಬಕೆಟ್ ಚಿಲುಮೆ ನೀರನ್ನು ತಂದು ತಮ್ಮ ಗಾಜಿನ ಮೇಜಿನ ಮೇಲೆ ಇಟ್ಟೆ. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ತಳದಲ್ಲಿ ಎರಡು ಬೆರಳು ಮಣ್ಣು ಕೂತಿತು. ಅಧ್ಯಕ್ಷರೇ, ಇದು ಬೇರೆ ಯಾವ ಮಣ್ಣೂ ಅಲ್ಲ, ತಮ್ಮ ಏರಿ, ಒಳಗಿನಿಂದ ಕರಗಿ ಬಕೆಟ್ ಬಕೆಟ್ ಆಗಿ ನಮ್ಮ ಅಕ್ಕನ ಮನೆಗೆ ವಾಸಕ್ಕೆ ಬರುತ್ತಿದೆ ಎಂದೆ. ತಾವು ಬೆರಳದ್ದಿ, ನಾಲಿಗೆಗೆ ಹಚ್ಚಿ, ಇದರಲ್ಲಿ ಖನಿಜಾಂಶ ಚೆನ್ನಾಗಿದೆ, ಬಾಟಲಿಗೆ ತುಂಬಿ ಮಾರಬಹುದಲ್ಲ ಮಾರಾಯ ಎಂದಿರಿ. ಜಗತ್ತಿಗೆಲ್ಲ ಸಲಹೆ ಕೊಡುವ ನಾನು ಬಕೆಟ್ ಎತ್ತಿಕೊಂಡು ಮನೆಗೆ ಬಂದೆ. ಅಕ್ಕನ ಮಗಳು ಈಗಲೂ ಆ ದಿನವನ್ನು ನೆನೆದು, ಮಾಮ ಮೂಕನಾದ ದಿನ ಎಂದು ಬಂದವರಿಗೆಲ್ಲ ಹೇಳಿ ನಗುತ್ತಾಳೆ. ನಗುತ್ತಾಳೆ ನಿಜ, ಆದರೆ ಮಂಚವನ್ನು ಎಳೆದು ಮುಂದಿನ ಕೋಣೆಗೆ ಹಾಕಿಸಿದವಳೂ ಅವಳೇ.

ಚಿಲುಮೆಯ ಉದ್ಘಾಟನೆಯ ದಿನ ತಾವು ರೇಷ್ಮೆ ಪಟ್ಟಿ ಕತ್ತರಿಸಿ, ಪ್ರಕೃತಿ ನಮಗೆ ಒಲಿದಿದೆ ಎಂದು ಮೈಕಿನಲ್ಲಿ ಹೇಳುತ್ತಿದ್ದಾಗ, ಸರೋವರದ ಆ ತುದಿಯಲ್ಲಿ, ಮಟಮಟ ಮಧ್ಯಾಹ್ನ, ಯಾರೋ ಒಬ್ಬ ಹಲಗೆಗಳನ್ನು ಒಂದೊಂದಾಗಿ ಕಿತ್ತನಂತೆ. ತಮ್ಮ ಭಾಷಣ ಅಷ್ಟು ಉದ್ದವಿದ್ದದ್ದು ಆ ಮನುಷ್ಯನಿಗೆ ಬಹಳ ಅನುಕೂಲವಾಯಿತೆಂದು ಕೇಳಿದೆ, ಅವನ ಪರವಾಗಿ ಕೃತಜ್ಞತೆಗಳು. ಅವನು ಯಾರೆಂದು ನನಗೆ ಗೊತ್ತಿಲ್ಲ. ಮೈಕಟ್ಟು ಒಳ್ಳೆಯದು, ಮೀಸೆ ಲಕ್ಷಣವಾಗಿದೆ, ದನಿ ಗಂಭೀರ, ಎರಡೂ ಅಂಗೈಗೆ ಸಿಬಿರು ಚುಚ್ಚಿದೆ ಎಂದಷ್ಟೇ ಊಹಿಸಬಲ್ಲೆ. ಈ ಪತ್ರದ ಅಕ್ಷರ ಸೊಟ್ಟಗಿರುವುದಕ್ಕೂ ನನ್ನ ಕೈಗೆ ಸುತ್ತಿರುವ ಬಟ್ಟೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ನೀರು ಕೋಡಿಯಿಂದ ಪಕ್ಕದ ಕಾಲುವೆಗೆ ಇಳಿದು, ಲಾಂಡ್ರಿಯನ್ನು ಸುತ್ತು ಹಾಕಿಕೊಂಡು, ಯಾರಿಗೂ ತೊಂದರೆ ಕೊಡದೆ ಹೋಯಿತು. ಮೂರನೇ ದಿನಕ್ಕೆ ತಮ್ಮ ಅಮೃತ ಚಿಲುಮೆ ಬತ್ತಿತು. ಬಣ್ಣದ ದೀಪಗಳು ಮಾತ್ರ ಈಗಲೂ ಒಣ ಕಲ್ಲಿನ ಮೇಲೆ ಮಿಣುಕುತ್ತಿವೆ, ನೋಡಲು ತುಂಬ ಚೆಂದ.

ಇಷ್ಟಾದ ಮೇಲೂ ಭಾನುವಾರ ಹಲಗೆ ಕೂರಿಸಿಯೇ ತೀರುತ್ತೇನೆ ಎನ್ನುವುದಾದರೆ, ಈ ಬಡವನ ಕೆಲವು ಬಿನ್ನಹಗಳನ್ನು ಮನ್ನಿಸಬೇಕು. ಸರೋವರದ ನೀರನ್ನು ಸಂಘದ ಸದಸ್ಯನನ್ನಾಗಿ ಮಾಡಿಕೊಂಡು, ಕೆಳಕ್ಕೆ ಹರಿಯುವ ಕೆಟ್ಟ ಚಾಳಿಯನ್ನು ಬಿಡುವುದಾಗಿ ಅದರಿಂದ ಮುಚ್ಚಳಿಕೆ ಬರೆಸಿಕೊಳ್ಳಿ. ಇಲ್ಲಿ ಕುಸಿಯುವುದನ್ನು ನಿಷೇಧಿಸಲಾಗಿದೆ ಎಂಬ ಫಲಕವನ್ನು ಏರಿಗೆ ಅರ್ಥವಾಗುವಷ್ಟು ದಪ್ಪಕ್ಷರದಲ್ಲಿ ನೆಡಿಸಿ. ಯಾವುದೂ ಆಗದಿದ್ದರೆ ತಮ್ಮ ಮಂಚವನ್ನು ತಂದು ಅಕ್ಕನ ಹಿಂದಿನ ಕೋಣೆಯಲ್ಲಿ ಹಾಕಿಕೊಳ್ಳಿ, ಜಾಗ ಖಾಲಿ ಇದೆ, ಬಾಡಿಗೆ ಬೇಡ. ತಮ್ಮದೇ ಬಿಳಿ ಹಾಸಿಗೆ ಬಟ್ಟೆಯನ್ನು ಇಸ್ತ್ರಿ ಹಾಕಿ ಅಕ್ಕನೇ ಹಾಸಿಕೊಡುತ್ತಾಳೆ. ತಲೆದೆಸೆಯ ಗೋಡೆಗೆ ಕಿವಿಯಿಟ್ಟು ಒಂದೇ ಒಂದು ಮಳೆಗಾಲವನ್ನು ನಿದ್ದೆ ಮಾಡಿ ಕಳೆದು ತೋರಿಸಿದರೆ, ಕಬ್ಬಿಣದ ಪಟ್ಟಿಯ ಮೊಳೆಗಳನ್ನು ನಾನೇ ನಿಂತು ಹೊಡೆದುಕೊಡುತ್ತೇನೆ.

ತಮ್ಮ ದೂರದೃಷ್ಟಿಯನ್ನು ಹತ್ತಿರದಿಂದ ಅನುಭವಿಸುತ್ತಿರುವ,

ತಮ್ಮ ವಿಶ್ವಾಸಿ,
ಲಾಂಡ್ರಿ ಅಕ್ಕನ ಬಡಾಯಿ ತಮ್ಮ

ಮರೆತ ಮಾತು: ನೀರು ಇಳಿದದ್ದರಿಂದ ದೋಣಿಯವರಿಗೆ ಆದ ನಷ್ಟಕ್ಕೆ ಆ ಕಿಡಿಗೇಡಿಯೇ ಹೊಣೆ ಎಂದೂ ತಾವು ಬರೆದಿದ್ದೀರಿ. ದೋಣಿಯವರು ಎಂದರೆ ನಾನೊಬ್ಬನೇ, ಮೇಲೆ ನೌಕಾಪಡೆ ಎಂದದ್ದು ಒಂದೇ ಒಂದು ಹಂಸದ ದೋಣಿ. ಹಲಗೆ ಕಿತ್ತು ನೀರು ಇಳಿದರೆ ದೋಣಿ ತಳಕ್ಕೆ ಕೂರುವ ಜಾಗದಲ್ಲಿ ಚೂಪು ಕೊರಡೊಂದು ಇದೆ ಎಂಬುದು ಕಿತ್ತವನಿಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟೆ ಸೀಳಿದ ಹಂಸವನ್ನು ಗುಜರಿಯವನು ಕತ್ತು ಹಿಡಿದು ಎಳೆದುಕೊಂಡು ಹೋದ. ಆದ್ದರಿಂದ ಭಾನುವಾರ ತಾವು ಹಲಗೆ ಕೂರಿಸಿದರೆ ಸೋಮವಾರ ಅದು ಮತ್ತೆ ಏಳುತ್ತದೆ, ಹೆದರಿಕೊಳ್ಳಲು ಆ ಮನುಷ್ಯನ ಬಳಿ ಈಗ ದೋಣಿಯೂ ಇಲ್ಲ. ನಷ್ಟ ಹತ್ತು ಲಕ್ಷ ಎಂದು ಊರೆಲ್ಲ ಹೇಳಿಕೊಂಡು ಬಂದೆ, ಅಕ್ಕ ಅಳುತ್ತಾಳೆಂದು ಅವಳಿಗೆ ಎಂಟುನೂರು ಎಂದೆ. ಹೋದದ್ದು ಐವತ್ತನಾಲ್ಕು ಸಾವಿರ.