ಗೂಡಿನ ಪುಣ್ಯ

ಗೆಟ್ಸೆಲ್‌ನ ಅಡುಗೆಮನೆ ಕಿಟಕಿಯಲ್ಲಿ ಪಾರಿವಾಳ ಎರಡು ಮೊಟ್ಟೆ ಇಟ್ಟಿದ್ದು ತಪ್ಪಲ್ಲ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಅವನು ಅದನ್ನು ನಾಲ್ಕು ಜನರೆದುರು ಬಾಯಿಬಿಟ್ಟಿದ್ದು ತಪ್ಪು.

ಗೂಡು ಕಂಡರೆ ಮೊದಲು ತಾಯಿಹಕ್ಕಿಯನ್ನು ಕಳಿಸು, ಆಮೇಲೆ ಮೊಟ್ಟೆ ಎತ್ತು ಎಂಬುದು ಯೆಹೂದಿಗಳಾದ ನಮಗೆ ದೇವರ ಆಜ್ಞೆ. ಜೆರುಸಲೇಮಿನ ನಮ್ಮ ಓಣಿಯಲ್ಲಿ ಗೂಡು ಸಿಗುವುದೇ ಅಪರೂಪ, ಹಾಗಾಗಿ ಈ ಪುಣ್ಯಕ್ಕೆ ಭಾರಿ ಬೇಡಿಕೆ. ಪಾಲಿಸಿದವರಿಗೆ ದೀರ್ಘಾಯುಸ್ಸು, ಮನೆಯಲ್ಲಿ ಮದುವೆ ನಿಂತಿದ್ದರೆ ಅದೂ ಕೂಡಿಬರುತ್ತದೆಂದು ನಂಬಿಕೆ. ಗೆಟ್ಸೆಲ್‌ನ ಮಗಳು ರೈಜೆಲ್‌ಗೆ ಇಪ್ಪತ್ತಾರು. ಏಳು ಸಂಬಂಧ ಮುರಿದಿದ್ದವು, ಎಂಟನೆಯದು ಮಾತುಕತೆಯಲ್ಲಿತ್ತು.

ಹನ್ನೊಂದರ ಹೊತ್ತಿಗೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ.

"ಕಿಟಕಿ ನಿಂದಿರಬಹುದು, ಮೇಲಿನ ಬಾಲ್ಕನಿ ನಂದು. ಹಕ್ಕಿ ಬಂದಿದ್ದು ನನ್ನ ನೆರಳಿಗೆ ಕಣಯ್ಯಾ," ಎಂದ ಮೇಲ್ಮನೆಯ ಹಿರ್ಷ್.

"ನಂಗೆ ಎಂಬತ್ತೆರಡು. ದೀರ್ಘಾಯುಸ್ಸು ನಂಗಲ್ದೆ ನಿಂಗ್ಯಾಕೋ?" ಎಂದು ಮುದುಕಿ ಪೆಶೆ ಹಿರ್ಷ್‌ಗೆ ಊರುಗೋಲಿನಿಂದ ತಿವಿದಳು. ಹಕ್ಕಿಗೆ ದಯೆ ತೋರಲು ಬಂದವರು ಒಬ್ಬರ ಗಡ್ಡಕ್ಕೆ ಇನ್ನೊಬ್ಬರು ಕೈಹಾಕುವ ಮಟ್ಟಕ್ಕೆ ಬಂದರು.

ಅಷ್ಟರಲ್ಲಿ ಗುರುತಿಲ್ಲದ ದಪ್ಪ ಮನುಷ್ಯನೊಬ್ಬ ಜನರನ್ನು ಸರಿಸಿಕೊಂಡು ಬಾಗಿಲಿಗೇ ಬಂದ. "ಗೆಟ್ಸೆಲ್ ಅಂದ್ರೆ ನೀವೇನಾ? ಒಂಚೂರು ಮನೆ ಒಳಗೆ ನೋಡ್ಬಹುದಾ?"

"ಬೇರೆ ಓಣಿಯಿಂದ್ಲೂ ಬಂದ್ರಾ? ನಾಚಿಕೆ ಆಗಲ್ವಾ ನಿಮಗೆ?" ಎಂದು ಗೆಟ್ಸೆಲ್ ಅವನ ಹೊಟ್ಟೆಗೆ ಕೈಕೊಟ್ಟು ತಳ್ಳಿದ. ಆಸಾಮಿ ಹಿಂದಿದ್ದ ಹಿರ್ಷ್‌ನನ್ನೂ ಕರೆದುಕೊಂಡು ಆರು ಮೆಟ್ಟಿಲು ಇಳಿದ. ಟೋಪಿ ಇನ್ನೂ ಒಂದು ಮಹಡಿ ಇಳಿಯಿತು.

ಗೆಟ್ಸೆಲ್ ಚಿಲಕ ಜಡಿದು, ಮಗಳ ಹೆಸರು ಹೇಳಿ ಹಕ್ಕಿಯನ್ನು ಎಬ್ಬಿಸಿದ. ಅದು ಕೈಗೆ ಎರಡು ಸಲ ಕುಕ್ಕಿ ಹಾರಿಹೋಯಿತು. ಬೆಚ್ಚಗಿನ ಮೊಟ್ಟೆಗಳನ್ನು ಅಂಗೈಯಲ್ಲಿ ಎತ್ತಿಕೊಂಡಾಗ ಅವನಿಗೆ ಅಳುವೇ ಬಂತು. ಎತ್ತಿದರೆ ಸಾಕು, ಆಜ್ಞೆ ಪಾಲಿಸಿದಂತೆ; ಮತ್ತೆ ಗೂಡಿಗಿಟ್ಟ. ಮೆಟ್ಟಿಲ ಕಿಂಡಿಯಿಂದ ಹಕ್ಕಿ ಹಾರಿದ್ದು ಕಂಡ ಜನ ಗೊಣಗುತ್ತ ಚದುರಿದರು. ಅವನು ಖುಷಿಯಲ್ಲಿ ಓಣಿಯ ಧರ್ಮಗುರು ರಬ್ಬಿಗಳ ಮನೆಗೆ ಓಡಿದ.

"ಎಷ್ಟು ಹೊತ್ತಿಗೆ ಮಾಡ್ದೆ?" ಎಂದರು ರಬ್ಬಿಗಳು.

"ಹನ್ನೆರಡಕ್ಕೆ."

"ಅಯ್ಯೋ ಪುಣ್ಯಾತ್ಮ, ಪಾರಿವಾಳದಲ್ಲಿ ಹಗಲು ಕಾವಿಗೆ ಕೂರೋದು ಗಂಡು. ಹೆಣ್ಣು ಬರೋದು ಸಂಜೆಗೆ. ನೀನು ಓಡ್ಸಿದ್ದು ಅಪ್ಪನ್ನ. ಅದಕ್ಕೆ ಯಾವ ಪುಣ್ಯಾನೂ ಇಲ್ಲ."

ಮನೆಗೆ ಬಂದರೆ ಹೆಂಡತಿ ಫ್ರೂಮಾ ಫೋನ್ ಹಿಡಿದು ಕೂತಿದ್ದಳು. ಮದುವೆ ದಲ್ಲಾಳಿ ಆಗಷ್ಟೇ ಮಾತಾಡಿ ಇಟ್ಟಿದ್ದ.

"ಅದು ಗಂಡು ಪಾರಿವಾಳವಂತೆ ಕಣೇ. ಪರವಾಗಿಲ್ಲ, ಸಂಜೆ ತಾಯಿ ಬರುತ್ತೆ," ಎಂದ ಗೆಟ್ಸೆಲ್.

"ಅದು ಬರುತ್ತೆ ರೀ. ಹುಡುಗನ ಅಪ್ಪ ಬರಲ್ಲ," ಎಂದಳು ಫ್ರೂಮಾ. "ಹೇಳ್ದೆ ಕೇಳ್ದೆ ಮನೆ ನೋಡೋಕೆ ಬಂದಿದ್ರಂತೆ. ಮೆಟ್ಟಿಲ ಮೇಲಿಂದ ತಳ್ಳಿದ್ರಲ್ಲ ನೀವು, ಅವರೇ."