ಕಂಪ್ಯೂಟರಿಗೆ ಸೀಟಿ ಕಲಿಸಿದ್ದು

ಬಾಯಿ ಬಿಡದ ಮನುಷ್ಯರ ಬಗ್ಗೆ ನನಗೆ ತಕರಾರಿಲ್ಲ. ನನ್ನ ಮಾವನವರು ಊಟಕ್ಕೆ ಕುಳಿತರೆ ಎದ್ದು ಕೈ ತೊಳೆಯುವವರೆಗೆ ಒಂದಕ್ಷರ ಆಡುವವರಲ್ಲ; ಅವರ ಪಕ್ಕದಲ್ಲಿ ಕುಳಿತು ನಾನು ಎಷ್ಟೋ ಸಲ ಸುಖವಾಗಿ ಉಂಡಿದ್ದೇನೆ. ಆದರೆ ಬಾಯಿ ಬಿಡದ ಯಂತ್ರಗಳನ್ನು ಕಂಡರೆ ನನಗಾಗುವುದಿಲ್ಲ. ಕಂಡರೆ ಎಂದದ್ದು ರೂಢಿಯ ಮಾತು. ನನಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಮುಖ್ಯ ಸಂಗತಿ ಮೊದಲ ಪ್ಯಾರಾದಲ್ಲೇ ಬರಬೇಕು ಎಂದು ನಮ್ಮ ಸುದ್ದಿ ಸಂಪಾದಕರಾದ ಹೆಗ್ಡೆಯವರು ಕಲಿಸಿದ್ದರಿಂದ ಅದನ್ನು ಇಲ್ಲಿಯೇ ಹೇಳಿ ಮುಗಿಸಿದ್ದೇನೆ. ಮನೆಯಲ್ಲಿ ನನ್ನ ಹೆಂಡತಿ ಸುಮತಿ ನನ್ನನ್ನು ಕರೆಯುವುದೇ ‘ನೋಡಿ’ ಎಂದು. ಮದುವೆಯಾದಾಗಿನಿಂದ ನಾನು ನೋಡುತ್ತಲೇ ಇದ್ದೇನೆ. ಇಬ್ಬರಿಗೂ ಅದರಿಂದ ತೊಂದರೆಯಾಗಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ನಾನು ಉಡುಪಿಯ ಕಡಿಯಾಳಿಯಲ್ಲಿದ್ದ ಒಂದು ಸಣ್ಣ ದಿನಪತ್ರಿಕೆಯಲ್ಲಿದ್ದೆ. ಊರೂರಿನ ಬಾತ್ಮೀದಾರರು ಸಂಜೆ ಫೋನಿನಲ್ಲಿ ಹೇಳುವ ಸುದ್ದಿಯನ್ನು ಕೇಳುತ್ತ ಕೇಳುತ್ತಲೇ ಕನ್ನಡ ಟೈಪ್‌ರೈಟರಿನಲ್ಲಿ ಹೊಡೆಯುವುದು ನನ್ನ ಕೆಲಸ. ರಿಸೀವರ್ ಎಡಭುಜಕ್ಕೂ ಕಿವಿಗೂ ನಡುವೆ, ಹತ್ತು ಬೆರಳು ಕೀಲಿಗಳ ಮೇಲೆ. ಇದರಿಂದ ನನ್ನ ಕುತ್ತಿಗೆ ಶಾಶ್ವತವಾಗಿ ಎಡಕ್ಕೆ ವಾಲಿ, ಕಚೇರಿಗೆ ಹೊಸದಾಗಿ ಬಂದವರು ನನ್ನ ರಾಜಕೀಯ ಒಲವಿನ ಬಗ್ಗೆ ಏನೇನೋ ಊಹಿಸುತ್ತಿದ್ದರು. ಟೈಪ್‌ರೈಟರು ಮಾತ್ರ ನನ್ನ ಮಟ್ಟಿಗೆ ಬಹಳ ಒಳ್ಳೆಯ ಮಾತುಗಾರ. ಸಾಲು ಮುಗಿಯುತ್ತ ಬಂದಾಗ ಗಂಟೆ ಬಾರಿಸುತ್ತಿತ್ತು. ಕಾಗದ ಇಲ್ಲದಿದ್ದರೆ ರೋಲರಿನ ಮೇಲೆ ಕೀಲಿ ಬಡಿಯುವ ಸದ್ದೇ ಬೇರೆ. ಎರಡು ಕೀಲಿ ಸಿಕ್ಕಿಹಾಕಿಕೊಂಡರೆ ಬೆರಳಿಗೇ ದೂರು ಬರುತ್ತಿತ್ತು.

ಹೀಗಿರುವಾಗ ಮಾಲೀಕರು ಕಂಪ್ಯೂಟರ್ ತಂದರು. ಅದರೊಳಗೆ ಕನ್ನಡದಲ್ಲಿ ಬರೆಯುವ ಒಂದು ಸಾಫ್ಟ್‌ವೇರ್. ಮಣಿಪಾಲದ ಕಾಮತ್ ಎಂಬ ತರುಣ ಎಂಜಿನಿಯರು ಮಾಡಿ ಮಾರುತ್ತಿದ್ದದ್ದು. ಕಚೇರಿಯವರೆಲ್ಲ ಸುತ್ತ ನಿಂತು ಹೊಗಳುವಾಗ ನಾನೂ ಕೀಲಿಗಳನ್ನು ಮುಟ್ಟಿ ನೋಡಿದೆ. ಬೆಣ್ಣೆಯ ಹಾಗೆ ಮೆತ್ತಗಿದ್ದವು, ಅಕ್ಷರಗಳ ಜಾಗವೂ ಹಳೆಯದೇ. ಅಷ್ಟಾದ ಮೇಲೆ ಇನ್ನೇನು ಬೇಕು ಎಂದು ಅದೇ ಸಂಜೆ ಕಾರ್ಕಳದ ಬಾತ್ಮೀದಾರರ ಕರೆಯನ್ನು ಅದರಲ್ಲೇ ತೆಗೆದುಕೊಂಡೆ. ಪುರಸಭೆಯಲ್ಲಿ ಕುಡಿಯುವ ನೀರಿನ ಬಗ್ಗೆ ಜಗಳವಾಗಿತ್ತು. ಸದಸ್ಯರು ಬೈದದ್ದು, ಅಧ್ಯಕ್ಷರು ಎದ್ದು ಹೋದದ್ದು, ಅವರನ್ನು ಕರೆತರಲು ಹೋದವರೂ ವಾಪಸು ಬಾರದ್ದು, ಒಂದನ್ನೂ ಬಿಡದೆ ಹೊಡೆದೆ. ಮುಗಿಸಿ, ನೆಟಿಕೆ ಮುರಿದು, “ಹೆಗ್ಡೆಯವರೇ, ಕಾರ್ಕಳ ತಯಾರು” ಎಂದೆ.

ಹೆಗ್ಡೆಯವರು ಬಂದರು.

“ಆಚಾರ್ರೇ, ಇದರಲ್ಲಿ ಎಂತದೂ ಇಲ್ಲ.”

“ಎಂತದೂ ಇಲ್ಲ ಅಂದರೆ? ನೀರು ಉಂಟಲ್ಲ?”

“ನೀರೂ ಇಲ್ಲ, ಕಾರ್ಕಳವೂ ಇಲ್ಲ. ‘ಹಿಂದಿನ ಕಡತವನ್ನು ಉಳಿಸಬೇಕೇ?’ ಅಂತ ಒಂದು ಪ್ರಶ್ನೆ ಉಂಟು.”

ಯಂತ್ರ ನನ್ನನ್ನು ಒಂದು ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಕಾದು ಕುಳಿತಿತ್ತು. ನಾನು ಇಡೀ ಪುರಸಭೆಯನ್ನು ಅದರ ಎದುರು ಹಾಜರುಪಡಿಸಿದರೂ ಅದು ಒಂದಕ್ಷರವನ್ನೂ ಒಳಗೆ ಬಿಟ್ಟುಕೊಂಡಿರಲಿಲ್ಲ. ಬಾತ್ಮೀದಾರರಿಗೆ ಮತ್ತೆ ಫೋನ್ ಮಾಡಿದರೆ ಅವರು ಅಷ್ಟರಲ್ಲಿ ಊಟ ಮುಗಿಸಿದ್ದರು. ಎರಡನೆಯ ಸಲ ಹೇಳುವಾಗ ಜಗಳದ ಕಾವೆಲ್ಲ ಇಳಿದು, ಅಧ್ಯಕ್ಷರು ಎದ್ದು ಹೋದದ್ದು ಬರೀ ‘ತೆರಳಿದರು’ ಆಯಿತು.

ಮರುದಿನ ಹೆಗ್ಡೆಯವರು ನನ್ನನ್ನು ಕರೆದು, ಬಹಳ ಮರ್ಯಾದೆಯಿಂದ ಹೇಳಿದರು. ಟೈಪ್‌ರೈಟರುಗಳನ್ನು ತಿಂಗಳ ಕೊನೆಗೆ ತೆಗೆಯುತ್ತಾರೆ. ನನ್ನನ್ನು ಕೆಲಸದಿಂದ ತೆಗೆಯುವ ಮಾತೇ ಇಲ್ಲ. ಕೆಳಗೆ ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಸಿ ಕೊಡುತ್ತಾರೆ, ಬಂದವರನ್ನು ಮಾತಾಡಿಸಿಕೊಂಡು ಆರಾಮವಾಗಿ ಇರಬಹುದು. ‘ಆರಾಮವಾಗಿ’ ಎಂಬ ಶಬ್ದವನ್ನು ಅವರು ಹೇಳಿದ ಧಾಟಿಯಲ್ಲೇ ನನಗೆ ಗೊತ್ತಾಯಿತು, ಆ ಕುರ್ಚಿಯಿಂದ ಯಾರೂ ಮತ್ತೆ ಸುದ್ದಿಮನೆಗೆ ಹತ್ತಿ ಬಂದದ್ದಿಲ್ಲ ಎಂದು. ಮನೆಗೆ ಹೋಗಿ ಹೇಳಿದರೆ ಸುಮತಿ, “ನೋಡಿ, ಬಾಗಿಲ ಹತ್ತಿರ ಕುಳಿತುಕೊಳ್ಳಲಿಕ್ಕೆ ಅಂಬಲಪಾಡಿಯಲ್ಲಿ ನಮಗೆ ಸ್ವಂತ ಬಾಗಿಲು ಉಂಟಲ್ಲ. ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು?” ಎಂದಳು. ಅವಳ ಸಮಾಧಾನಗಳು ಹೀಗೆ ಮನುಷ್ಯನನ್ನು ಎಬ್ಬಿಸಿ ಓಡಿಸುವಂಥವು.

ನಾನು ನನ್ನ ಇಬ್ಬರು ಹಳೆಯ ಸಹಪಾಠಿಗಳಿಗೆ ಫೋನ್ ಮಾಡಿದೆ. ಮೂವರೂ ಒಂದೇ ಅಂಧರ ಶಾಲೆಯಲ್ಲಿ ಕಲಿತವರು. ಕಾಪುವಿನ ಸಂಜೀವಣ್ಣ ಮೀನುಗಾರರ ಮನೆಯವರು. ಊರಿನಲ್ಲಿ ಟೈಪಿಂಗ್ ತರಗತಿ ನಡೆಸುತ್ತಿದ್ದರು. ಕಾರ್ಕಳದ ಗಿರಿಜಕ್ಕ ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರು. ಫೋನಿನಲ್ಲೇ ತಿಳಿಯಿತು, ಕಾಮತರ ಸಾಫ್ಟ್‌ವೇರ್ ಇಬ್ಬರ ಮನೆಯ ಹೊಸ್ತಿಲಿಗೂ ಬಂದಿದೆ ಎಂದು. ಸಂಜೀವಣ್ಣನ ವಿದ್ಯಾರ್ಥಿಗಳು ಕಂಪ್ಯೂಟರ್ ಕಲಿಸಿ ಎಂದು ಗಲಾಟೆ ಎಬ್ಬಿಸಿದ್ದರು. ಗಿರಿಜಕ್ಕನಿಗೆ ಟೆಲಿಫೋನ್ ಬೋರ್ಡಿನ ಕೆಲಸ ಬಿಟ್ಟು ಟೈಪಿಂಗ್ ವಿಭಾಗಕ್ಕೆ ಹೋಗುವ ಆಸೆ. ಅಲ್ಲಿಯೂ ಇದೇ ಮೌನವ್ರತದ ಪೆಟ್ಟಿಗೆ.

ಭಾನುವಾರ ಸಂಜೆ ಕಾಪುವಿನ ತರಗತಿಯಲ್ಲಿ ಸಭೆ ಸೇರಿದೆವು. ಮೂರು ಜನರ ಸಭೆಗೆ ಅಧ್ಯಕ್ಷರು ಬೇಕೇ ಎಂಬುದರ ಮೇಲೆ ಬಹಳ ಹೊತ್ತು ಚರ್ಚೆಯಾಗಿ, ಕೊನೆಗೆ ನನ್ನನ್ನೇ ಮಾಡಿದರು. ಅಧ್ಯಕ್ಷರಾದವರು ಮಧ್ಯೆ ಬಾಯಿ ಹಾಕಬಾರದು ಎಂಬ ನಿಯಮವನ್ನು ಗಿರಿಜಕ್ಕ ಆಮೇಲೆ ತಿಳಿಸಿದರು. ಕಂಪ್ಯೂಟರಿನೊಳಗೆ ‘ಟುಂಯ್’ ಎನ್ನುವ ಒಂದು ಸಣ್ಣ ಸ್ಪೀಕರ್ ಇದೆ, ಶುರು ಮಾಡುವಾಗ ಒಮ್ಮೆ ಕೂಗುತ್ತದೆ ಎಂಬುದನ್ನು ಮೂವರೂ ಗಮನಿಸಿದ್ದೆವು. ಅದನ್ನೇ ದುಡಿಸಬೇಕು ಎಂಬುದರಲ್ಲಿ ಒಮ್ಮತ. ಯಾವುದಕ್ಕೆ ಯಾವ ಸದ್ದು ಎಂಬುದರಲ್ಲಿ ಮಾತ್ರ ಯುದ್ಧ. ಸಂಜೀವಣ್ಣನಿಗೆ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸ್ವರ ಬೇಕು.

“ಹಾಗಾದರೆ ಅದು ಟೈಪಿಂಗ್ ಅಲ್ಲ ಮಾರಾಯ್ರೇ, ನಾಗಸ್ವರ ಕಛೇರಿ” ಎಂದರು ಗಿರಿಜಕ್ಕ. “ಬ್ಯಾಂಕಿನಲ್ಲಿ ಲೋನ್ ಕೇಳಲಿಕ್ಕೆ ಬಂದವರು ಮದುವೆಮನೆ ಅಂತ ತಿಳಿದು ಊಟಕ್ಕೆ ಕೂತಾರು.”

ಅಷ್ಟರಲ್ಲಿ ಮಹಡಿಯ ಮೇಲಿನ ಮನೆಯವರು ಇಳಿದು ಬಂದು, “ಕರೆಂಟ್ ಹೋಗಿ ಎಷ್ಟು ಹೊತ್ತಾಯಿತು, ಈ ಕತ್ತಲೆಯಲ್ಲಿ ಮೂವರೂ ಎಂತ ಮಾಡ್ತಾ ಇದ್ದೀರಿ?” ಎಂದು ಗಾಬರಿಯಿಂದ ಕೇಳಿದರು. “ಓ, ಅದಕ್ಕಾ ಫ್ಯಾನ್ ನಿಂತದ್ದು” ಎಂದರು ಸಂಜೀವಣ್ಣ.

ಹೊರಗೆ ರಸ್ತೆಯಲ್ಲಿ ಒಂದು ಸೀಟಿ ಬಿದ್ದು ಬಸ್ಸು ನಿಂತಿತು. ನಮ್ಮ ಕರಾವಳಿಯ ಖಾಸಗಿ ಬಸ್ಸುಗಳಲ್ಲಿ ಹತ್ತಿ ಇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ಘಟ್ಟದ ಮೇಲಿನ ಓದುಗರ ಮಾಹಿತಿಗಾಗಿ ಹೇಳುತ್ತೇನೆ. ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಡ್ರೈವರ್ ಹಿಂದೆ ತಿರುಗುವುದಿಲ್ಲ, ಕಂಡಕ್ಟರ್ ಮುಂದೆ ಬರುವುದಿಲ್ಲ. ಹೊರಗಿನ ಬಸ್ಸಿಗೆ ಎರಡು ಸೀಟಿ ಬಿತ್ತು, ಅದು ಹೊರಟಿತು. ಮೂವರಿಗೂ ಒಮ್ಮೆಲೇ ಹೊಳೆಯಿತು. ಅಧ್ಯಕ್ಷನಾದ ನಾನು ಬಾಯಿ ತೆರೆಯುವ ಮೊದಲೇ ಗಿರಿಜಕ್ಕ, “ಮುಗಿಯಿತಲ್ಲ ಮತ್ತೆ. ಪ್ರಶ್ನೆ ಕೇಳಿ ನಿಂತರೆ ಒಂದು, ಕಡತ ಉಳಿಸಿಕೊಂಡು ಮುಂದೆ ಹೋಗಬಹುದಾದರೆ ಎರಡು” ಎಂದರು. ತಪ್ಪು ಹೊಡೆದರೆ ಒಂದು ಉದ್ದದ ಸೀಟಿ ಇರಲಿ ಎಂದು ಸೇರಿಸಿದವನು ನಾನು. ಅಧ್ಯಕ್ಷನಾಗಿ ನನ್ನದೂ ಏನಾದರೂ ಇರಬೇಕಲ್ಲ.

ಮಣಿಪಾಲದಲ್ಲಿ ಕಾಮತರ ಕಚೇರಿ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಒಳ್ಳೆಯ ಹುಡುಗ; ಮೂವರಿಗೂ ಕುರ್ಚಿ ಕೊಟ್ಟು, ಚಹಾ ತರಿಸಿ, ನಮ್ಮ ಮಾತನ್ನು ಪೂರ್ತಿ ಕೇಳಿದರು.

“ಆದರೆ ಸಾರ್, ಪ್ರಶ್ನೆ ಕೇಳುವಾಗ ಪರದೆಯ ಕೆಳಗೆ ಸ್ಪಷ್ಟವಾಗಿ ಮಿನುಗುತ್ತದೆ.”

“ಮಿನುಗುವುದು ಅಂದರೆ ಎಷ್ಟು ಜೋರಾಗಿ?” ಎಂದರು ಗಿರಿಜಕ್ಕ.

ಕಾಮತರು ಕೆಮ್ಮಿದರು. “ಹಾಗಲ್ಲ ಅಕ್ಕ, ಟೈಪ್‌ರೈಟರಿನ ಗಲಾಟೆ ಬೇಡ ಅಂತಲೇ ಜನ ಕಂಪ್ಯೂಟರ್ ತಗೊಳ್ಳುವುದು. ಅದು ಸೀಟಿ ಹೊಡೆದರೆ ನನ್ನ ಗಿರಾಕಿಗಳು ಎಂತ ಹೇಳಿಯಾರು? ಮೂರು ಜನರಿಗಾಗಿ ಎಲ್ಲರಿಗೂ ತೊಂದರೆ ಆಗಬಾರದು, ಅಲ್ವಾ?”

ನಾನು ಜೇಬಿನಿಂದ ಬ್ರೈಲ್ ಸ್ಲೇಟನ್ನೂ ಚುಕ್ಕಿ ಒತ್ತುವ ಮೊಳೆಯನ್ನೂ ತೆಗೆದು, “ಇದನ್ನು ನಿಮ್ಮ ಹೇಳಿಕೆ ಅಂತ ಬರೆದುಕೊಳ್ಳಬಹುದಾ?” ಎಂದು ಕೇಳಿದೆ. ಬೆದರಿಕೆಯಲ್ಲ, ವೃತ್ತಿಯ ಅಭ್ಯಾಸ. ಆದರೂ ಅವರ ಕುರ್ಚಿ ಕಿರುಗುಟ್ಟಿತು.

ಸಂಜೀವಣ್ಣ ಅಷ್ಟು ಹೊತ್ತೂ ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಕೇಳಿದರು, “ಕಾಮತ್ರೇ, ನೀವು ದಿನಾ ಇಲ್ಲಿಗೆ ಬರುವುದು ಹೇಗೆ?”

“ಬಸ್ಸಿನಲ್ಲಿ.”

“ಬಸ್ಸು ನಿಲ್ಲಿಸಬೇಕಾದರೆ ಕಂಡಕ್ಟರ್ ಡ್ರೈವರಿಗೆ ಸ್ಲೇಟಿನಲ್ಲಿ ಬರೆದು ತೋರಿಸುತ್ತಾನಾ?”

ಸಂಜೀವಣ್ಣ ಮುಂದುವರಿಸಿದರು. “ಡ್ರೈವರಿಗೆ ಕಣ್ಣು ಇಲ್ಲ ಅಂತ ಸೀಟಿ ಹೊಡೆಯುವುದಲ್ಲ ಮಾರಾಯ್ರೇ. ಅವನ ಕಣ್ಣಿಗೆ ಬೇರೆ ಕೆಲಸ ಉಂಟು ಅಂತ. ನನ್ನ ತರಗತಿಯಲ್ಲಿ ಕಣ್ಣು ಇರುವ ಮಕ್ಕಳು ಟೈಪ್ ಮಾಡುವಾಗ ಎಲ್ಲಿ ನೋಡುತ್ತಾರೆ? ಪಕ್ಕದಲ್ಲಿರುವ ಪುಸ್ತಕವನ್ನು. ನಿಮ್ಮ ಪರದೆ ಮಿನುಗಿ ಮಿನುಗಿ ಸಾಯಬೇಕಷ್ಟೆ.”

ಕಾಮತರು ನಗಲು ಶುರು ಮಾಡಿದರು. ನಗುತ್ತಲೇ, “ಒಂದು ನಿಲ್ಲಲಿಕ್ಕೆ, ಎರಡು ಹೋಗಲಿಕ್ಕೆ. ಹೌದಲ್ಲ?” ಎಂದು ಕೇಳಿದರು. ಬರೆದುಕೊಳ್ಳುವ ಸದ್ದು ಕೇಳಿಸಿತು.

ತಿಂಗಳು ಮುಗಿಯುವ ಮೊದಲೇ ಹೊಸ ಫ್ಲಾಪಿ ಬಂತು. ಪರೀಕ್ಷೆಗೆ ಹೆಗ್ಡೆಯವರು ನನ್ನ ಬೆನ್ನ ಹಿಂದೆ ನಿಂತರು. ಅವರ ನಶ್ಯದ ವಾಸನೆಯಿಂದ ಎಷ್ಟು ಹತ್ತಿರ ನಿಂತಿದ್ದಾರೆಂದು ತಿಳಿಯುತ್ತಿತ್ತು. ಕಾರ್ಕಳದ ಕರೆ ಬಂತು, ಪುರಸಭೆ, ಮತ್ತದೇ ನೀರು. ಹೊಡೆಯತೊಡಗಿದ ಕೂಡಲೇ ಯಂತ್ರ ಒಂದು ಸೀಟಿ ಹಾಕಿತು. ಕೈ ನಿಲ್ಲಿಸಿದೆ, ‘ಹೌದು’ ಎಂಬ ಕೀಲಿ ಒತ್ತಿದೆ, ಎರಡು ಸೀಟಿ ಬಿತ್ತು, ಹೊರಟೆ. ಮುಗಿಸಿದಾಗ ಹೆಗ್ಡೆಯವರು ಪರದೆಯನ್ನು ಮೊದಲಿಂದ ಕೊನೆಯವರೆಗೆ ಓದಿ, “ಅಧ್ಯಕ್ಷರು ಈ ಸಲವೂ ಎದ್ದು ಹೋದರಾ?” ಎಂದರು. ಅವರು ಸುದ್ದಿಯ ಬಗ್ಗೆ ಮಾತಾಡಿದರೆಂದರೆ ಸುದ್ದಿ ಪಾಸಾಯಿತು ಎಂದರ್ಥ. ಬಾಗಿಲ ಬಳಿಯ ಕುರ್ಚಿ ಪತ್ರಿಕೆ ಕಟ್ಟುಗಳನ್ನು ಇಡಲಿಕ್ಕೆ ಉಪಯೋಗಕ್ಕೆ ಬಂತು.

ಗಿರಿಜಕ್ಕ ಟೈಪಿಂಗ್ ವಿಭಾಗಕ್ಕೆ ಹೋದರು. ಸಂಜೀವಣ್ಣನ ತರಗತಿಗೂ ಕಂಪ್ಯೂಟರುಗಳು ಬಂದವು; ಹೊರಗೆ ಬಸ್ಸಿಗೆ ಕಾಯುವವರು, ಒಳಗಿನಿಂದ ಎರಡು ಸೀಟಿ ಕೇಳಿದಾಗ ಬಸ್ಸು ತಪ್ಪಿತೆಂದು ಓಡುತ್ತಿದ್ದರಂತೆ. ಕಾಮತರಿಗೆ ಒಂದು ಪ್ರೆಸ್ಸಿನವರು ಫೋನ್ ಮಾಡಿ, “ಸೀಟಿ ಇರುವುದು ಕೊಡಿ, ಪ್ರತಿ ನೋಡಿಕೊಂಡು ಹೊಡೆಯಲಿಕ್ಕೆ ಅದೇ ಅನುಕೂಲ” ಎಂದರಂತೆ. ನಮ್ಮ ಸುದ್ದಿಮನೆಯಲ್ಲಿ ದಿನಾ ಕಾಪುವಿನಿಂದ ಬಂದು ಹೋಗುವ ಉಪಸಂಪಾದಕರೊಬ್ಬರಿದ್ದರು. ಮಧ್ಯಾಹ್ನದ ಊಟದ ಮೇಲೆ ಮೇಜಿನ ಮೇಲೆ ತಲೆಯಿಡುವ ಅಭ್ಯಾಸ. ನನ್ನ ಯಂತ್ರ ಒಂದು ಸೀಟಿ ಹಾಕಿದಾಗ ಅವರು ನಿದ್ದೆಗಣ್ಣಿನಲ್ಲೇ ಚೀಲ ಹೆಗಲಿಗೇರಿಸಿ, “ಇಳಿಯಲಿಕ್ಕೆ ಉಂಟು, ಇಳಿಯಲಿಕ್ಕೆ ಉಂಟು” ಎನ್ನುತ್ತ ಬಾಗಿಲವರೆಗೆ ಹೋಗಿದ್ದಾರೆ.

ಇಷ್ಟೆಲ್ಲ ಸಂತೋಷದ ನಡುವೆ ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಆ ಉದ್ದದ ಸೀಟಿಯನ್ನು. ಟೈಪ್‌ರೈಟರಿನ ಕಾಲದಲ್ಲಿ ನನ್ನ ತಪ್ಪುಗಳು ನನಗೂ ಪ್ರೂಫ್ ತಿದ್ದುವವರಿಗೂ ಮಾತ್ರ ಸಂಬಂಧಿಸಿದ ಖಾಸಗಿ ವಿಷಯವಾಗಿದ್ದವು. ಈಗ ಒಂದು ಅಕ್ಷರಕ್ಕೆ ಎರಡು ಕೊಂಬು ಅಂಟಿಸಿದರೆ ಯಂತ್ರ ಇಡೀ ಸುದ್ದಿಮನೆಗೆ ಸಾರುತ್ತದೆ. ಮೊದಮೊದಲು ಎಲ್ಲರೂ ಸುಮ್ಮನಿದ್ದರು. ಆಮೇಲೆ ಹೆಗ್ಡೆಯವರು ಒಳಕೋಣೆಯಿಂದಲೇ, “ಆಚಾರ್ರೇ, ಎಂತ ಆಯಿತು?” ಎಂದು ಯೋಗಕ್ಷೇಮ ಕೇಳಲಾರಂಭಿಸಿದರು. ಕಾರ್ಕಳದ ಬಾತ್ಮೀದಾರರು ಫೋನಿನ ಆ ತುದಿಯಿಂದ, “ನಾನು ನಿಧಾನ ಹೇಳಬೇಕಾ?” ಎನ್ನತೊಡಗಿದರು.

ತಡೆಯಲಾಗದೆ ಒಬ್ಬನೇ ಮಣಿಪಾಲಕ್ಕೆ ಹೋಗಿ, ಆ ಉದ್ದದ ಸೀಟಿಯನ್ನು ಸ್ವಲ್ಪ ಮೆಲ್ಲಗೆ ಮಾಡಬಹುದೇ ಎಂದು ಕೇಳಿದೆ. ಕಾಮತರು ವಿನಯದಿಂದ, “ಅದು ಮೂವರ ಬೇಡಿಕೆ ಸಾರ್. ಮೂವರೂ ಹೇಳಿದರೆ ನಾಳೆಯೇ ತೆಗೆಯುತ್ತೇನೆ” ಎಂದರು. ಸಂಜೀವಣ್ಣನಿಗೆ ಫೋನ್ ಮಾಡಿದರೆ, “ಅದೊಂದನ್ನು ಮುಟ್ಟಬೇಡಿ ಮಾರಾಯ್ರೇ! ಯಾವ ಮೂಲೆಯ ಹುಡುಗ ತಪ್ಪು ಹೊಡೆದ ಅಂತ ನನಗೆ ಕುಳಿತಲ್ಲಿಗೇ ಗೊತ್ತಾಗುತ್ತದೆ. ನೀವು ಕೊಟ್ಟ ಸಲಹೆಗಳಲ್ಲಿ ಒಳ್ಳೆಯದು ಅದೊಂದೇ” ಎಂದರು. ಗಿರಿಜಕ್ಕ ನಕ್ಕರು, ನಗು ಮುಗಿಯುವ ಲಕ್ಷಣ ಕಾಣದೆ ನಾನೇ ಫೋನ್ ಇಟ್ಟೆ.

ನಮ್ಮ ಮೂವರ ಸಂಘದ ಗೆಲುವಿನ ಬಗ್ಗೆ ಒಂದು ಸುದ್ದಿ ಮಾಡಿ ಎಂದು ಹೆಗ್ಡೆಯವರು ಹೇಳಿದರು. ಅಧ್ಯಕ್ಷರ ಹೇಳಿಕೆಯೂ ಇರಲಿ ಎಂದರು. ಬೇಡಿಕೆ ಪೂರ್ತಿ ಈಡೇರಿದ್ದರಿಂದ ಅಧ್ಯಕ್ಷರು ಅತೀವ ಹರ್ಷ ವ್ಯಕ್ತಪಡಿಸಿದ್ದಾರೆ ಎಂದು ನಾನೇ ಕುಳಿತು ಟೈಪ್ ಮಾಡತೊಡಗಿದೆ. ‘ಹರ್ಷ’ದ ಹತ್ತಿರ ಬೆರಳು ತಪ್ಪಿತು. ಉದ್ದದ ಸೀಟಿ ಮುಗಿದ ಮೇಲೆ ಸುದ್ದಿಮನೆಯಲ್ಲಿ ಯಾರೂ ನಗುವುದು ಬಿಟ್ಟು ಬೇರೆ ಕೆಲಸ ಮಾಡುತ್ತಿರಲಿಲ್ಲ.