ಲೆಕ್ಕದ ಮೇಷ್ಟ್ರು ಮಾತು ಕಲಿತದ್ದು

ಐವತ್ತೆರಡನೇ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದವನಿಗೆ ಇಂಥ ಪೇಚಾಟಗಳು ಆಗುತ್ತಲೇ ಇರುತ್ತವೆ. ಒಂದು ವಾರ ಏನೂ ಆಗಲಿಲ್ಲವೆಂದರೆ, ಯಾವುದೋ ತರಗತಿ ತಪ್ಪಿಸಿಕೊಂಡಿದ್ದೇನೆಂದೇ ಅರ್ಥ.

೧. ಎರಡು ಅರ್ಜಿ

ಅದೊಂದು ಸಾಮಾನ್ಯ ಮಂಗಳವಾರ. ಅಜ್ಜಂಪುರದ ಶಾಲೆಯಲ್ಲಿ ನಾನು ಗಣಿತ, ನನ್ನ ಹೆಂಡತಿ ಕನ್ನಡ. ಬೆಳಿಗ್ಗೆ ತಿಂಡಿ ತಿನ್ನುತ್ತಲೇ ಅವಳು ಮೊಬೈಲಿನಲ್ಲಿ ಇಬ್ಬರ ಅರ್ಜಿಯನ್ನೂ ಕಳಿಸಿದಳು. ಡೇಟಾ ಸೈನ್ಸ್ ಮತ್ತು ಸಂವಹನ ಎರಡೂ ಸೇರಿದ ಸ್ನಾತಕೋತ್ತರ ಕೋರ್ಸು, ಮನೆಯಿಂದಲೇ ಓದುವುದು. "ಡೇಟಾ ನೀವು ನಂಗೆ ಹೇಳ್ಕೊಡಿ, ಮಾತು ನಾನು ನಿಮಗೆ ಹೇಳ್ಕೊಡ್ತೀನಿ. ಇಬ್ರೂ ಪಾಸು" ಎಂದಳು. ನಾಲ್ಕನೇ ಪೀರಿಯಡ್ಡಿನಲ್ಲಿ ಸ್ಟಾಫ್ ರೂಮಿನಲ್ಲಿ ಕುಸಿದಳು. ತರೀಕೆರೆ ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಆರು ವಾರದ ಮೇಲೆ ಕೋರ್ಸಿನ ಕಚೇರಿಯಿಂದ ಹುಡುಗಿಯೊಬ್ಬಳು ಫೋನ್ ಮಾಡಿದಳು. "ಸರ್, ನಿಮ್ಮ ಸೀಟು ಆಗಿದೆ. ಅದೇ ವಿಳಾಸದಿಂದ ಇನ್ನೊಬ್ರು ಅರ್ಜಿ ಹಾಕಿದ್ರಲ್ಲ, ಅವ್ರು ಫೋನೇ ತೆಗೀತಿಲ್ಲ. ಸ್ವಲ್ಪ ಹೇಳ್ತೀರಾ?"

"ಹೇಳ್ತೀನಿ" ಎಂದುಬಿಟ್ಟೆ.

ಸಂವಹನದಲ್ಲಿ ನನ್ನ ಮಟ್ಟ ಇಷ್ಟು. ಅವಳು ಪಾಸು ಎಂದಿದ್ದನ್ನು ನಾನು ಫೇಲು ಮಾಡುತ್ತೇನೆಂಬ ಹೆದರಿಕೆ ಅಂದೇ ಹತ್ತಿಕೊಂಡಿತು.

೨. ಹೊಟ್ಟೆಯ ಉತ್ತರ

ಮೊದಲ ಆನ್‌ಲೈನ್ ತರಗತಿ. ಪಾಠ ಮಾಡುವವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ನನ್ನ ಹೆಸರು ಹಿಡಿದು ಪ್ರಶ್ನೆ ಕೇಳಿದರು. ಉತ್ತರ ಗೊತ್ತಿತ್ತು. ಹೇಳಿ ಮುಗಿಸಿದೆ.

"ಸರ್, ನಿಮ್ಮ ಹೊಟ್ಟೆ ಮಾತ್ರ ಕಾಣ್ತಿದೆ" ಎಂದರು ಅವರು.

"ಎದ್ದು ನಿಂತಿದ್ದೀನಿ ಸರ್."

"ಕೂತ್ಕೊಳ್ಳಿ ಸರ್. ಇಲ್ಲಿ ಅರ್ಧ ಜನ ಮಲ್ಕೊಂಡೇ ಕೇಳ್ತಿರೋದು."

೩. ಕಾವಲಿನಲ್ಲಿ

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ 'ಊರಲ್ಲಿ ಸುದ್ದಿ ಹೇಗೆ ಹರಡುತ್ತದೆ' ಎಂಬ ವಿಷಯ ಆರಿಸಿಕೊಂಡೆ. ಪ್ರಶ್ನೆಪಟ್ಟಿ ಹಿಡಿದು ಜನರನ್ನು ಮಾತಾಡಿಸಬೇಕು. ಹೊಸಬರ ಮುಂದೆ ನನ್ನ ನಾಲಿಗೆ ಒಣಗುತ್ತದೆ. ಅಭ್ಯಾಸಕ್ಕೆ ಜನ ಕಡಿಮೆ ಇರುವ ಕಡೆಯೇ ವಾಸಿ ಎಂದು ದನ ಮೇಯಿಸುವ ಎಮ್ಮೆದೊಡ್ಡಿ ಕಾವಲಿಗೆ ಹೋದೆ. ಅಮೃತಮಹಲ್ ತಳಿಯ ದನ ಕಾಯುವವರೊಬ್ಬರು ಸಿಕ್ಕರು.

"ದಿನಕ್ಕೆ ಎಷ್ಟು ಜನರ ಹತ್ರ ಮಾತಾಡ್ತೀರಿ?"

"ಒಂದು ನೂರಿಪ್ಪತ್ತಾಯ್ತದೆ."

ಬರೆದುಕೊಂಡೆ. ಆಮೇಲೆ ಅನುಮಾನ ಬಂತು. "ದನ ಬಿಟ್ಟು?"

ಅವರು ಸುತ್ತ ಒಮ್ಮೆ ಕಣ್ಣಾಡಿಸಿದರು. "ದನ ಬಿಟ್ರೆ ನೀವೊಬ್ರೇ ಕಣ್ರೀ."

೪. ನಲವತ್ತು ಹಾಳೆ

ಪ್ರಶ್ನೆಪಟ್ಟಿಯ ನಲವತ್ತು ಪ್ರತಿ ತೆಗೆಸಿ ನಮ್ಮ ಬೀದಿಯಲ್ಲಿ ಹಂಚಿದೆ. ಹೆಚ್ಚುಕಡಿಮೆ ಎಲ್ಲರೂ ನಮ್ಮಿಬ್ಬರ ಹತ್ತಿರ ಓದಿದವರು. ಮೂರನೇ ದಿನ ಸಂಜೆ ನಲವತ್ತೂ ವಾಪಸು ಬಂದವು. ಮಾರನೇ ದಿನವೇ ಕಡೂರಿನಲ್ಲಿ ಮೌಖಿಕ ಪರೀಕ್ಷೆ.

ಕಂಪ್ಯೂಟರಿಗೆ ತುಂಬುತ್ತಾ ಹೋದೆ. ಹೆಸರು ಮಾತ್ರ ಬೇರೆ ಬೇರೆ, ಉಳಿದ ಉತ್ತರವೆಲ್ಲ ಒಂದೇ. ನಲವತ್ತೂ ಜನ ಮೂವತ್ತನಾಲ್ಕು ವರ್ಷದವರು. ನಲವತ್ತೂ ಜನ ಹೆಂಗಸರು.

ಒಂದು ಹಾಳೆ ಹಿಡಿದು ಸೈಕಲ್ ಅಂಗಡಿಯವನ ಬಳಿ ಹೋದೆ. ಅವನದು ಗಲ್ಲದವರೆಗೆ ಇಳಿದ ಮೀಸೆ.

"ಏನಪ್ಪಾ, ನಿಂಗೆ ಮೂವತ್ತನಾಲ್ಕಾ?"

"ನಲವತ್ತೊಂದು ಸಾರ್."

"ಮತ್ತೆ ಇದು?"

"ನಮ್ ಬೀದಿಲಿ ಬಟ್ಟೆ ಹೊಲೀತಾಳಲ್ಲ, ಅವಳ್ದು ನೋಡ್ಕೊಂಡು ಬರೆದ್ವಿ. ಹತ್ತನೇ ಕ್ಲಾಸಲ್ಲಿ ಶಾಲೆಗೇ ಫಸ್ಟು ಅಲ್ವಾ ಅವ್ಳು."

"ಹೆಣ್ಣು ಅಂತ ಗುರುತು ಹಾಕಿದ್ದೀಯಲ್ಲೋ."

"ಹಾಕ್ವಾಗ ನಂಗೂ ಒಸಿ ಅನುಮಾನ ಬಂತು ಸಾರ್. ಫಸ್ಟ್ ಬಂದೋಳು ತಪ್ಪು ಹಾಕ್ತಾಳಾ ಅಂತ ಸುಮ್ಕಾದೆ."

ಆಮೇಲೆ ಕೈಯಲ್ಲಿದ್ದ ಸ್ಪಾನರನ್ನೇ ನೋಡುತ್ತಾ ಹೇಳಿದ: "ಕನ್ನಡ ಮಿಸ್ಸು ಈಗಿಲ್ಲ. ಮೇಷ್ಟ್ರು ಒಬ್ರೇ ಓದ್ತವ್ರೆ, ಯಾರೂ ತಪ್ಪು ಬರೆದು ಅವ್ರನ್ನ ಫೇಲ್ ಮಾಡ್ಬಾರ್ದು ಅಂತ ಹೋಟ್ಲಲ್ಲಿ ಮಾತಾಯ್ತು. ಸಂಜೆಯೊಳ್ಗೆ ಎಲ್ರ ಮನೆಗೂ ಹೋಯ್ತು."

ಹೊಸದಾಗಿ ತುಂಬಿಸಲು ಸಮಯವಿರಲಿಲ್ಲ. ಇಪ್ಪತ್ತೆಂಟು ವರ್ಷ ಕಾಪಿ ಹಿಡಿದವನು ನಲವತ್ತು ಕಾಪಿ ಹಾಳೆ ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದೆ. ಬೀರೂರು ದಾಟುವವರೆಗೂ ಹೇಳಬಹುದಾದ ಒಂದು ಸುಳ್ಳು ಹುಡುಕಿದೆ. ಸಿಗಲಿಲ್ಲ.

ಪರೀಕ್ಷಕರು ಇಬ್ಬರು. ಹಿರಿಯರು ಕಂಪ್ಯೂಟರ್ ಪರದೆ ನೋಡಿದರು. "ಏನ್ರೀ ಇದು, ಒಂದು ಚೂರೂ ವ್ಯತ್ಯಾಸ ಇಲ್ಲ?"

ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ: ಹೋಟೆಲು, ಬಟ್ಟೆ ಹೊಲಿಯುವವಳು, ಮೀಸೆ. ಕಿರಿಯರು ನಕ್ಕು ನಕ್ಕು ಕನ್ನಡಕ ತೆಗೆದಿಟ್ಟರು. ಆಮೇಲೆ ಹಿರಿಯರು ಕೇಳಿದರು, "ಅಲ್ಲ, ಅಷ್ಟು ಜನ ಸೇರಿ ಯಾಕೆ ಹಾಗೆ ಮಾಡಿದ್ರು?"

ಹೆಂಡತಿಯ ವಿಷಯ ಹೇಳದೆ ಅದಕ್ಕೆ ಉತ್ತರವಿರಲಿಲ್ಲ. ಅದನ್ನು ನಾನು ಅಲ್ಲಿಯವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಅಂದು ಹೇಳಿದೆ. ಹತ್ತು ನಿಮಿಷದ ಪರೀಕ್ಷೆ ಮುಕ್ಕಾಲು ಗಂಟೆಯಾಯಿತು.

"ನಿಮ್ಮ ಡೇಟಾ ಪೂರ್ತಿ ಹಾಳಾಗಿದೆ ಮೇಷ್ಟ್ರೇ" ಎಂದು ಹಿರಿಯರು ಹಾಳೆಗಳನ್ನು ಜೋಡಿಸಿ ಕೊಟ್ಟರು. "ಸುದ್ದಿ ಹೇಗೆ ಹರಡುತ್ತೆ ಅನ್ನೋದು ಮಾತ್ರ ಚೆನ್ನಾಗಿ ಗೊತ್ತಾಯ್ತು."

ತಿಂಗಳ ಮೇಲೆ ಫಲಿತಾಂಶ ಬಂತು, ಎರಡರಲ್ಲೂ ಪಾಸು. ಡೇಟಾ ಸೈನ್ಸಿಗೆ ನಲವತ್ತೆರಡು, ಸಂವಹನಕ್ಕೆ ಎಂಬತ್ತಾರು.